ಕೆಂಪು ಕಾರಿನ ಮೇಸ್ತ್ರಿ

ಮೇಸ್ತ್ರಿಯವರ ಎಡಗಣ್ಣಿನಿಂದ ಸದಾ ನೀರು ಇಳಿಯುತ್ತಿತ್ತು. ಇಪ್ಪತ್ತು ವರ್ಷ ಕಪ್ಪು ಗಾಜಿಲ್ಲದೆ ವೆಲ್ಡಿಂಗ್ ಬೆಳಕನ್ನು ನೋಡಿದ ಕಣ್ಣು ಅದು. ಮಾತನಾಡುವಾಗ ಮುಖ ಓರೆ ಮಾಡಿ ಬಲಗಣ್ಣಿನಲ್ಲಿ ನಮ್ಮನ್ನು ನೋಡುತ್ತಿದ್ದರು, ಮುಂಗೈಯ ಹಿಂಭಾಗದಿಂದ ಎಡಗೆನ್ನೆ ಒರೆಸಿಕೊಳ್ಳುತ್ತಿದ್ದರು. ಕೈಗೆ ಗ್ರೀಸ್ ಮೆತ್ತಿರುತ್ತಿದ್ದುದರಿಂದ ಸಂಜೆಯ ಹೊತ್ತಿಗೆ ಕಣ್ಣಿನಿಂದ ಕಿವಿಯ ತನಕ ಒಂದು ಕಪ್ಪು ಪಟ್ಟೆ ಬಿದ್ದಿರುತ್ತಿತ್ತು. ಮೂರು ವರ್ಷದ ನನ್ನ ಮಗಳು ಅದನ್ನು ಹುಲಿಪಟ್ಟೆ ಎನ್ನುತ್ತಿದ್ದಳು.

ವಿಶಾಖಪಟ್ಟಣದ ಹೊರಗೆ ಗಾಜುವಾಕದಲ್ಲಿ ಹೈವೇಗೆ ಬೆನ್ನು ಮಾಡಿಕೊಂಡು ಅವರ ಶೆಡ್ಡು ಇತ್ತು. ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಅಲ್ಲಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇಂಜಿನಿಯರ್. ಮೊದಲ ಸಲ ಶೆಡ್ಡಿಗೆ ಹೋದಾಗ ನನಗೆ ಬರುವ ತೆಲುಗಿನಲ್ಲಿ ಕಾರಿನ ಕಾಯಿಲೆ ಹೇಳುತ್ತಿದ್ದೆ. ಅವರು ನಡುವೆ ತಡೆದು, "ಬಳ್ಳಾರಿ ಕಡೆಯವರೇನ್ರಿ?" ಅಂದರು. ಅವರೂ ಸಿರುಗುಪ್ಪದ ಹತ್ತಿರದವರೇ. ಚಿಕ್ಕ ವಯಸ್ಸಿಗೇ ವಿಜಯವಾಡಕ್ಕೆ ಹೋಗಿ, ಲಾರಿ ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಬೆಸುಗೆ ಕಲಿತು, ಆಮೇಲೆ ಯಾಕೋ ಅಲ್ಲಿಂದ ಎದ್ದು ಇಲ್ಲಿಗೆ ಬಂದವರು. ಹೆಂಡತಿ ಮಕ್ಕಳ ಜೊತೆ ತೆಲುಗು, ಸಿಟ್ಟು ಬಂದಾಗ ಮಾತ್ರ ನಮ್ಮ ಭಾಷೆ. ಅಂದಿನಿಂದ ನಾನು ಅವರಿಗೆ 'ನಮ್ಮೂರ ಇಂಜಿನಿಯರ್ ಸಾಹೇಬ್ರು'.

ಆ ಮಾತು ಕೇಳಿದಾಗಲೆಲ್ಲ ನನ್ನ ಎದೆ ಉಬ್ಬುತ್ತಿತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಅಪ್ಪ ಹತ್ತಿ ಗಿರಣಿಯಲ್ಲಿ ಹಮಾಲರು. ನಮ್ಮ ವಂಶದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಹಾಸ್ಟೆಲ್ಲಿನ ಮುಂದಿನ ಬೀದಿದೀಪದ ಕೆಳಗೆ ಓದಿದ್ದೇನೆ, ಒಂದೇ ಪ್ಯಾಂಟಿನಲ್ಲಿ ಎರಡು ವರ್ಷ ಕಳೆದಿದ್ದೇನೆ. ಕಾರ್ಖಾನೆಯಲ್ಲಿ ನನ್ನ ಕೆಲಸ ಬೆಸುಗೆಗಳ ತಪಾಸಣೆ. ಪ್ರತಿ ಬೆಸುಗೆಯ ಪಕ್ಕದಲ್ಲಿ ಅದನ್ನು ಹಾಕಿದ ವೆಲ್ಡರನ ನಂಬರು ಒತ್ತಿರುತ್ತದೆ. ಕೆಟ್ಟದ್ದಾದರೆ ಸೀಮೆಸುಣ್ಣದಿಂದ ಗುರುತು ಹಾಕಿ ಕತ್ತರಿಸಿ ತೆಗೆಸುವವನು ನಾನು. ಆರು ತಿಂಗಳಾದ ಮೇಲೆ ನಂಬರು ನೋಡುವ ಅಗತ್ಯವೂ ಬೀಳುತ್ತಿರಲಿಲ್ಲ. ಅಕ್ಷರ ನೋಡಿ ಬರೆದವರು ಯಾರೆಂದು ಹೇಳುವಂತೆ, ಬೆಸುಗೆಯ ಅಲೆ ನೋಡಿ ಕೈ ಯಾರದೆಂದು ಹೇಳುತ್ತಿದ್ದೆ.

ಅಂಥವನು ಕೊಂಡದ್ದು ಮೂರನೇ ಕೈಯ ಒಂದು ವಿಲಾಯಿತಿ ಕಾರು. ಕೆಂಪು ಬಣ್ಣ, ಎರಡೇ ಸೀಟು, ಮಡಚುವ ಮೇಲ್ಛಾವಣಿ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಕೂತರೆ ರಸ್ತೆಯ ಮೇಲೆ ಕುಂಡೆಯೂರಿದ ಹಾಗೆ. ಬಂದರಿನಲ್ಲಿ ಕೆಲಸಕ್ಕಿದ್ದ ಹಡಗಿನ ಅಧಿಕಾರಿಯೊಬ್ಬರು ಊರು ಬಿಡುವಾಗ ಮಾರಿದ್ದು. ಅವರೂ ಅದನ್ನು ವಿಜಯವಾಡದಿಂದ ತಂದಿದ್ದರು. ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಸ್ಕೂಟರುಗಳ ನಡುವೆ ಅದು ನಿಂತಾಗ ಮಕ್ಕಳು ಸುತ್ತ ಸೇರುತ್ತಿದ್ದರು. ನನ್ನ ಹೆಂಡತಿ ಮಾತ್ರ, "ಇದ್ರಾಗ ಅಕ್ಕಿಮೂಟೆ ಎಲ್ಲಿ ಇಡಾದು?" ಅಂದಳು.

ತಿಂಗಳೊಳಗೆ ಸೈಲೆನ್ಸರಿನ ಪಟ್ಟಿ ಮುರಿಯಿತು. ಮೇಸ್ತ್ರಿ ಹೊಸದು ಹಾಕಿದರು. ರಿಪೇರಿಯಾದ ಯಾವ ಗಾಡಿಯನ್ನೂ ಅವರು ಸುಮ್ಮನೆ ಒಪ್ಪಿಸುತ್ತಿರಲಿಲ್ಲ. ಮಾಲೀಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ, ಬಾನೆಟ್ ತಟ್ಟಿ, "ಇವತ್ತಿಗೆ ಸರಿ ಐತಿ" ಎನ್ನುತ್ತಿದ್ದರು. ಯಾವ ಗಾಡಿಗೂ ಅದಕ್ಕಿಂತ ಹೆಚ್ಚಿನ ಭರವಸೆ ಅವರ ಬಾಯಿಂದ ಬಂದದ್ದಿಲ್ಲ. ಅಂದು ನನ್ನನ್ನೂ ಕೂರಿಸಿಕೊಂಡು ನಕ್ಕರು, "ಕುದುರಿ ಚಲೋ ಐತಿ ಸಾಹೇಬ್ರ" ಅಂದರು.

ಎರಡನೆಯ ಸಲ ಹೋದದ್ದು ಬಾಗಿಲಿಗಾಗಿ. ಭಾನುವಾರ ಭೀಮುನಿಪಟ್ಟಣದ ಕಡೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದೆವು. ಮಗಳು ಹೆಂಡತಿಯ ತೊಡೆಯ ಮೇಲೆ. ಒಂದು ತಿರುವಿನಲ್ಲಿ ಎಡಬಾಗಿಲು ಯಾರೋ ಹೊರಗಿನಿಂದ ಎಳೆದಂತೆ ತಾನಾಗಿ ತೆರೆದುಕೊಂಡಿತು. ಹೆಂಡತಿ ಮಗುವಿನ ಫ್ರಾಕು ಹಿಡಿದು ಒಳಗೆಳೆದಳು. ಹೊಲಿಗೆ ಬಿಚ್ಚಿ ಅರ್ಧ ಫ್ರಾಕು ಅವಳ ಕೈಯಲ್ಲೇ ಉಳಿಯಿತು.

ಮರುದಿನ ಮೇಸ್ತ್ರಿ ಬಾಗಿಲ ಚಿಲಕ ನೋಡಿದರು, ಕೀಲು ನೋಡಿದರು. ಎರಡೂ ಸರಿಯಿದ್ದವು. ಹಲಗೆ ಹಾಸಿಕೊಂಡು ಕಾರಿನ ಕೆಳಗೆ ತೂರಿದರು. ಸಾಮಾನ್ಯವಾಗಿ ಕೆಳಗಿನಿಂದಲೇ ಏನಾದರೂ ಹರಟುವವರು ಅಂದು ಒಂದು ಮಾತೂ ಆಡಲಿಲ್ಲ. ಬಹಳ ಹೊತ್ತಿನ ಮೇಲೆ ಹೊರಬಂದು, ಸೀಮೆಎಣ್ಣೆಯಲ್ಲಿ ಕೈ ತೊಳೆದು, "ಇವತ್ತು ಆಗಂಗಿಲ್ರಿ. ಗಾಡಿ ಇಲ್ಲೇ ಇರ್ಲಿ" ಅಂದರು. ಎರಡು ವಾರದ ನಂತರ ಕೊಟ್ಟಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ಒಬ್ಬರೇ ಓಡಿಸಿಕೊಂಡು ಬಂದರು. ಬಾನೆಟ್ ತಟ್ಟಲಿಲ್ಲ.

ಆಮೇಲೆ ಒಂದರ ಹಿಂದೆ ಒಂದು. ಮುಂದಿನ ಗಾಜು ಮೂಲೆಯಿಂದ ಸೀಳಿತು. ಹೊಸ ಗಾಜು ಹಾಕಿಸಿದ ಮೇಲೆ ಅದೇ ಮೂಲೆಯಿಂದ ಮತ್ತೆ ಸೀಳಿತು. ಬ್ರೇಕಿನ ಪೈಪು ಸೋರಿತು. ಟೈರುಗಳು ಒಂದೇ ಬದಿ ಸವೆದವು. ನಾನು ಇಂಜಿನಿಯರನಲ್ಲವೇ, ಮದರಾಸಿನಿಂದ ಆ ಕಾರಿನ ಪುಸ್ತಕದ ಜೆರಾಕ್ಸ್ ತರಿಸಿ, ಪ್ರತಿ ಕಾಯಿಲೆಗೂ ಒಂದೊಂದು ಕಾರಣ ಗುರುತು ಹಾಕಿಕೊಂಡು ಫೈಲು ಮಾಡಿದೆ. ಮೇಸ್ತ್ರಿ ಆ ಫೈಲನ್ನು ಓರೆಗಣ್ಣಿನಲ್ಲಿ ನೋಡಿ ವಾಪಸು ಕೊಡುತ್ತಿದ್ದರು. ಕೂಲಿ ಕೇಳುವುದನ್ನೂ ಬಿಟ್ಟರು. ಆಗಲೇ ನನಗೆ ಅನುಮಾನ ಶುರುವಾದದ್ದು. ಬಿಟ್ಟಿ ಕೆಲಸ ಯಾರು ಮಾಡುತ್ತಾರೆ? ಒಳ್ಳೆಯ ಬಿಡಿಭಾಗ ಬಿಚ್ಚಿ ಹಳೆಯದು ತೊಡಿಸುತ್ತಿದ್ದಾರೆಂದು ತೀರ್ಮಾನಿಸಿದೆ. ಒಂದು ದಿನ ಮುಖದ ಮೇಲೇ ಹೇಳಿಬಿಟ್ಟೆ. ಅವರು ಕೆನ್ನೆ ಒರೆಸಿಕೊಂಡು, "ನಾನು ಗಾಡಿಗೆ ಹಾಕೀನಿ ಸಾಹೇಬ್ರ, ತಗ್ದಿಲ್ಲ" ಎಂದಷ್ಟೇ ಅಂದರು.

ಇನ್ನೊಂದು ದಿನ ಶೆಡ್ಡಿನಲ್ಲಿ ಸೀಟು ಮುಂದಕ್ಕೆ ಸರಿಯದೆ ಸಿಕ್ಕಿಹಾಕಿಕೊಂಡಿತು. ಹೆಂಡತಿ ಸೀಟಿನ ಅಡಿಯ ಕಂಬಿಯಿಂದ ಒಂದು ಬಟ್ಟೆಯ ಚೂರು ಎಳೆದು ತೆಗೆದಳು. ಹಸಿರು ನೂಲು, ಗೇಣುದ್ದದ ಜರಿಯಂಚು. "ಮಂಗಳಗಿರಿ ಸೀರೆ. ಹಡಗಿನ ಸಾಹೇಬ್ರು ಯಾರನ್ನ ಕೂರಿಸ್ಕೊಂಡು ಓಡಾಡ್ತಿದ್ರೋ!" ಎಂದು ನಕ್ಕಳು. ಮೇಸ್ತ್ರಿ ಅವಳ ಕೈಯಿಂದ ಆ ಚೂರನ್ನು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಅಂಗಿಯ ಜೇಬಿಗೆ ಹಾಕಿಕೊಂಡರು. ಎಣ್ಣೆ ಒರೆಸಲಿಕ್ಕಿರಬೇಕು ಎಂದುಕೊಂಡೆ.

ಹೆಂಡತಿಯ ಅಣ್ಣ ಬ್ಯಾಂಕಿನ ಅಧಿಕಾರಿ, ವರ್ಗವಾಗಿ ವಿಜಯವಾಡದಲ್ಲಿದ್ದರು. ಅವರ ಮಗುವಿನ ನಾಮಕರಣ ನಿಶ್ಚಯವಾಯಿತು. ಆ ಮನೆಯಲ್ಲಿ ಅಜ್ಜನ ಕಾಲದಿಂದ ಎಲ್ಲರೂ ಓದಿದವರು. ಮಾತಿನಲ್ಲಿ ಮರ್ಯಾದೆಗೆ ಕೊರತೆಯಿರಲಿಲ್ಲ. ಆದರೂ ನನ್ನ ಅಪ್ಪ ಬಂದಾಗ ಅವರಿಗೆ ಯಾವ ಕುರ್ಚಿ ಹಾಕುತ್ತಿದ್ದರು ಎಂಬುದು ನನಗೆ ನೆನಪಿತ್ತು. ಹಮಾಲನ ಮಗ ಅವರ ಬಾಗಿಲಲ್ಲಿ ಕೆಂಪು ಕಾರಿನಿಂದ ಇಳಿಯಬೇಕು. ಇದೊಂದೇ ತಲೆಯಲ್ಲಿ.

ಹದಿನೈದು ದಿನ ಮುಂಚೆ ಕಾರನ್ನು ಮೇಸ್ತ್ರಿಗೆ ಬಿಟ್ಟು ಹೀಗೆ ಹೀಗೆ, ವಿಜಯವಾಡಕ್ಕೆ ಹೋಗಬೇಕು ಎಂದೆ. ಯಾರ್‍ಯಾರು ಎಂದು ಕೇಳಿದರು. ಮೂವರೂ ಎಂದೆ. ಅಂದಿನಿಂದ ದಿನಕ್ಕೊಂದು ನೆಪ. ಪಾರ್ಟು ಬಂದಿಲ್ಲ, ಕರೆಂಟಿಲ್ಲ, ಮೈಗೆ ಸರಿಯಿಲ್ಲ. ಹೊರಡುವ ದಿನ ಬೆಳಗ್ಗೆ ಹೆಂಡತಿ, ಮಗಳು, ಪೆಟ್ಟಿಗೆ ಸಮೇತ ಆಟೋದಲ್ಲಿ ಶೆಡ್ಡಿಗೇ ಹೋಗಿ ಇಳಿದೆ. "ಕೀಲಿ ಕೊಡ್ರಿ" ಎಂದೆ.

ಮೇಸ್ತ್ರಿ ಹೆಂಡತಿಗೆ ನೆರಳಿನಲ್ಲಿದ್ದ ಬೆಂಚು ತೋರಿಸಿ, "ಕೂಡಮ್ಮ ಅಲ್ಲಿ, ಮಗೂನ ಈ ಕಡೆ ಬಿಡಬ್ಯಾಡ" ಅಂದರು. ಆಮೇಲೆ ನನ್ನನ್ನು ಕರೆದು, ಕಾರಿನ ಬಾಗಿಲು ತೆಗೆದು, ಸೀಟಿನ ಹಿಂದಿನ ರತ್ನಗಂಬಳಿಯ ಚೂರನ್ನು ಕಿತ್ತರು. ಕೆಳಗೆ ಡಾಂಬರಿನಂಥ ಕಪ್ಪು ಬಣ್ಣ. ಉಳಿಯಿಂದ ಕೆರೆಯತೊಡಗಿದರು. ಒಂದು ಗೇಣು ಕೆರೆದಾಗ ಬೆಸುಗೆಯ ಗೆರೆ ಕಂಡಿತು. ಅದು ಕಾರಿನ ಈ ಬದಿಯಿಂದ ಆ ಬದಿಗೆ, ಅಡ್ಡಲಾಗಿ, ನೇರ ಹೋಗಿತ್ತು.

ನಾನು ಮಂಡಿಯೂರಿ ಕುಳಿತೆ. ನನ್ನ ಕಸುಬೇ ಅದಾದ್ದರಿಂದ ಯಾರೂ ಹೇಳಬೇಕಾಗಿರಲಿಲ್ಲ. ಆ ಕಾರು ಎರಡು ಕಾರುಗಳ ಅರ್ಧರ್ಧ. ಬೆಸುಗೆ ಮೇಲೆ ಮೇಲೆ ಕೂತಿತ್ತು, ಒಳಗಿಳಿದಿರಲಿಲ್ಲ. ಅದರ ಬದಿಯಲ್ಲಿ ಹೊಸದಾಗಿ ಹೊಡೆದ ಮೂರು ಕಬ್ಬಿಣದ ಪಟ್ಟಿ, ಪಟ್ಟಿಗಳ ನಡುವೆ ಕೂದಲಿನಂಥ ಬಿರುಕು. ಹೆಬ್ಬೆರಳಿನಿಂದ ಒತ್ತಿದರೆ ಬಿರುಕಿನ ಅಂಚು ಕದಲುತ್ತಿತ್ತು. ಬಾಗಿಲು, ಗಾಜು, ಪೈಪು, ಟೈರು ಎಲ್ಲದಕ್ಕೂ ಇದೊಂದೇ ಕಾರಣ. ನನ್ನ ಫೈಲಿನಲ್ಲಿ ಅದೊಂದೇ ಇರಲಿಲ್ಲ. ದಿನವಿಡೀ ಬೆಸುಗೆ ನೋಡುವವನು ನನ್ನದೇ ಸೀಟಿನ ಹಿಂದೆ ನೋಡಿರಲಿಲ್ಲ.

"ಯಾವ ಕಸಾಯಿ ಹಾಕಿದ್ದು ಇದನ್ನ?" ಎಂದೆ.

"ನಾನೇ ರಿ."

ನಾನು ತಲೆಯೆತ್ತಿದೆ. ಅವರು ಎಡಗೆನ್ನೆ ಒರೆಸಿಕೊಳ್ಳಲಿಲ್ಲ, ನೀರು ಇಳಿಯುತ್ತಲೇ ಇತ್ತು.

"ವಿಜಯವಾಡದಾಗ. ಆವಾಗ ಬಣ್ಣ ಬ್ಯಾರೆ ಇತ್ತು. ನಂದೇ ಕೈ. ಎರಡನೇ ಸಲ ಕೆಳಗ ಮಲ್ಕೊಂಡಾಗ ಗುರ್ತು ಸಿಕ್ತು."

ಉಳಿದದ್ದನ್ನು ನಿಂತಲ್ಲೇ ಹೇಳಿದರು. ಮಂಗಳಗಿರಿಯ ರಸ್ತೆಯಲ್ಲಿ ಈ ಕಾರು ಲಾರಿಗೆ ಹೊಡೆದಿತ್ತು. ಗಂಡ ಹೆಂಡತಿ ಇಬ್ಬರಿದ್ದರು. ಇಬ್ಬರೂ ಉಳಿಯಲಿಲ್ಲ, ಕಾರಿನ ಮುಂಭಾಗವೂ ಉಳಿಯಲಿಲ್ಲ. ಶೆಡ್ಡಿನ ಧಣಿ ಅಂಥದೇ ಇನ್ನೊಂದು ಕೆಟ್ಟ ಕಾರಿನ ಮುಂಭಾಗ ತಂದು, ಎರಡನ್ನೂ ಕೂಡಿಸು ಎಂದ. ನಿಲ್ಲುವುದಿಲ್ಲ ಎಂದು ಮೇಸ್ತ್ರಿ ಹೇಳಿದರು. ಮಾರುವ ತನಕ ನಿಂತರೆ ಸಾಕು ಎಂದ ಧಣಿ. ಮನೆಯಲ್ಲಿ ಮೂರು ಮಕ್ಕಳು, ಕೂಡಿಸಿದರು. ಸತ್ತವರು ಕೂತಿದ್ದ ಸೀಟುಗಳನ್ನೇ ರಕ್ತ ತೊಳೆದು ಮತ್ತೆ ಹಾಕಿದವರೂ ಅವರೇ. ಕಾರು ಮಾರಾಟವಾದ ವಾರ ವಿಜಯವಾಡ ಬಿಟ್ಟು ಬಂದರು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಪಟ್ಟಿ ಹೊಡೆದರೆ ನಿಂತೀತು ಅಂದುಕೊಂಡೆ, ನಿಲ್ಲಲಿಲ್ಲ ಎಂದರು. ಇನ್ನೊಂದು ಮಾತೂ ಸೇರಿಸಿದರು: "ಹೇಳಿದ್ರ ನೀವು ಮಾರ್ತಿದ್ರಿ. ಇನ್ನೊಬ್ರು ಕೂಡ್ತಿದ್ರು. ನನಗ ಬಿಡ್ರಿ ಸಾಹೇಬ್ರ, ಕೊಯ್ದು ಹಾಕ್ತೀನಿ. ನಿಮ್ಮ ದುಡ್ಡು ದುಡಿದು ತೀರಿಸ್ತೀನಿ."

ನಾನು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡೆ. "ಈಗ ಬೇಡ. ಬಂದ್ಮೇಲೆ ನೋಡೋಣ" ಎಂದೆ. ಹೆಂಡತಿಗೆ ಕಾರು ಸಿದ್ಧವಿಲ್ಲ ಎಂದಷ್ಟೇ ಹೇಳಿ ಬಸ್ಸಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅವಳೇ ಒತ್ತಿ ಕೇಳಿದಾಗ ಬೆಸುಗೆಯ ವಿಷಯ ಹೇಳಿದೆ. ಅವಳು ರಾಜಮಂಡ್ರಿ ಬರುವ ತನಕ ಮಗಳನ್ನು ತಬ್ಬಿಕೊಂಡೇ ಕೂತಿದ್ದಳು.

ಇಲ್ಲಿಂದ ಮುಂದಿನದನ್ನು ಅವಳಿಗೂ ಬಹಳ ವರ್ಷ ಹೇಳಿರಲಿಲ್ಲ.

ನಾಮಕರಣದ ಊಟದಲ್ಲಿ ಭಾವನ ಪಕ್ಕದ ಮನೆಯ ಯುವಕನ ಪರಿಚಯವಾಯಿತು. ಬಟ್ಟೆ ಅಂಗಡಿ ಇತ್ತು, ಮದುವೆಯಾಗಿ ವರ್ಷವಾಗಿರಲಿಲ್ಲ. ಕೆಂಪು ಕಾರಿನ ಸುದ್ದಿ ಭಾವನಿಂದ ಕೇಳಿದ್ದ. "ಅಮ್ಮುತಾರಾ ಅಂಡಿ?" ಮಾರುತ್ತೀರಾ ಎಂದು ಅವನೇ ಕೇಳಿದ. ನಾನು ಆ ಕಾರನ್ನು ವರ್ಣಿಸಿದೆ. ಯಾವ ತೊಂದರೆಯೂ ಇಲ್ಲ ಎಂದೆ. ನಾನು ಇಂಜಿನಿಯರ್, ಎಲ್ಲ ನಾನೇ ತಪಾಸಣೆ ಮಾಡಿದ್ದೇನೆ ಎಂದೂ ಹೇಳಿದೆ. ಅವನ ಹೆಂಡತಿ ಪಕ್ಕದಲ್ಲಿ ನಿಂತು ಎಷ್ಟು ಸೀಟು ಎಂದು ಕೇಳಿದಳು. ಎರಡು ಎಂದೆ. ಇಬ್ಬರೂ ನಕ್ಕರು. ಮುಂದಿನ ಭಾನುವಾರ ಬಂದು ಒಯ್ಯುವುದೆಂದು ಮಾತಾಯಿತು.

ನಾಲ್ಕು ದಿನದ ನಂತರ ಶೆಡ್ಡಿಗೆ ಹೋದಾಗ ಕಾರು ಎರಡಾಗಿ ಬಿದ್ದಿತ್ತು. ಮುಂಭಾಗ ಒಂದು ಗೋಡೆಗೆ, ಹಿಂಭಾಗ ಇನ್ನೊಂದು ಗೋಡೆಗೆ. ನಡುವೆ ಮೇಸ್ತ್ರಿ ಕೂತು ಚಹಾ ಕುಡಿಯುತ್ತಿದ್ದರು. ನಾನು ಬಾಯಿಗೆ ಬಂದದ್ದು ಬೈದೆ, ಪೊಲೀಸರಿಗೆ ಕೊಡುತ್ತೇನೆ ಎಂದೆ. "ಕೊಡ್ರಿ. ವಿಜಯವಾಡದ್ದೂ ಸೇರಿಸಿ ಹೇಳ್ತೀನಿ" ಅಂದರು. ನಾನು ಹೋಗಲಿಲ್ಲ. ದುಡ್ಡು ತೀರಿಸಲು ಅವರು ಎರಡು ಸಲ ಮನೆಗೆ ಬಂದರು, ಬಾಗಿಲಿಂದಲೇ ಕಳಿಸಿದೆ. ವಿಜಯವಾಡದ ಯುವಕನಿಗೆ ಕಾರು ಬೇರೆಯವರಿಗೆ ಹೋಯಿತೆಂದು ಕಾಗದ ಬರೆದೆ. ಹೆಂಡತಿ ಮಾತ್ರ ಪ್ರತಿ ಯುಗಾದಿಗೆ ಹೋಳಿಗೆಯ ಡಬ್ಬಿ ತೆಗೆದುಕೊಂಡು ಶೆಡ್ಡಿಗೆ ಹೋಗಿ ಬರುತ್ತಿದ್ದಳು. ನಮ್ಮ ಮಗುವನ್ನು ಉಳಿಸಿದವರು ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ.

ತೊಂಬತ್ತರ ದಶಕದ ಕೊನೆಗೆ ಅವರ ಎರಡೂ ಕಣ್ಣು ಹೋದವು. ಶೆಡ್ಡು ಮುಚ್ಚಿ ವಿಜಯವಾಡದ ಮಗಳ ಮನೆಗೆ ಹೋದರು. ಕೆಲಸದ ಮೇಲೆ ಅಲ್ಲಿಗೆ ಹೋದಾಗ ಹೆಂಡತಿ ಕೊಟ್ಟ ವಿಳಾಸ ಹಿಡಿದು ಹುಡುಕಿದೆ. ಕಾಲುವೆಯ ಪಕ್ಕದ ಓಣಿ, ಜಗಲಿಯ ಮೇಲೆ ಮಂಚ. ದನಿ ಕೇಳಿದೊಡನೆ, "ನಮ್ಮೂರ ಇಂಜಿನಿಯರ್ ಸಾಹೇಬ್ರು" ಎಂದು ಎದ್ದು ಕೂತರು. ನಾನು ಸುತ್ತುಬಳಸದೆ, ನಾಮಕರಣದ ದಿನದ ಮಾತುಕತೆಯನ್ನೆಲ್ಲ ಹೇಳಿದೆ. ಬೆಸುಗೆ ಕಣ್ಣಾರೆ ಕಂಡ ಮೇಲೆ, ಮೂರನೆಯ ದಿನ, ಮಾರಲು ಒಪ್ಪಿದ್ದೆ ಎಂದೆ.

"ಗೊತ್ತಿತ್ತು ರಿ" ಅಂದರು.

ಹೇಗೆ ಎಂದೆ.

"ಅವತ್ತು ನೀವು ಬೈಲಿಲ್ಲ. ಮಗಳು ಸಾಯ್ತಿದ್ಲು ಅಂತ ಗೊತ್ತಾದ ಮನುಷ್ಯಾ ಬೈತಾನ, ಹೊಡೀತಾನ. ನೀವು ಪ್ಯಾಂಟು ಜಾಡಿಸ್ಕೊಂಡ್ರಿ. ನಿಮ್ಮ ಆಟೋ ರೋಡ್ ಹತ್ತಿದ್ದೇ ತಡ ಕೊಯ್ಯೋ ಗ್ಯಾಸ್ ಹಚ್ಚಿದೆ."

ಅವರು ನನ್ನ ಕಡೆ ಮುಖ ಓರೆ ಮಾಡಿದರು, ಈಗ ಅದರಿಂದ ಏನೂ ಕಾಣುವಂತಿರದಿದ್ದರೂ.

"ಆತಗ ಮಕ್ಕಳೆಷ್ಟು ಈಗ?"

"ಯಾರಿಗೆ?"

"ಕಾರು ಕೇಳಿದಾತಗ."

ಗೊತ್ತಿಲ್ಲ ಎಂದೆ.

"ತಿಳ್ಕೊಂಡು ಬಂದು ಹೇಳ್ರಿ."

ಅಂದು ನನಗೆ ರೈಲಿನ ಹೊತ್ತಾಗಿತ್ತು. ಮತ್ತೆ ವಿಜಯವಾಡಕ್ಕೆ ಹೋಗಲು ಸಾಧ್ಯವಾದದ್ದು ಎರಡು ತಿಂಗಳ ನಂತರ. ಬಟ್ಟೆ ಅಂಗಡಿ ಹುಡುಕಿಕೊಂಡು ಹೋದೆ. ಅವನು ದಪ್ಪಗಾಗಿದ್ದ, ಗುರುತು ಹಿಡಿದ. ಒಳ್ಳೆಯ ಕಾರು ತಪ್ಪಿಸಿಬಿಟ್ಟಿರಿ ಎಂದು ತಮಾಷೆ ಮಾಡಿ ತಂಪು ಸೋಡಾ ತರಿಸಿದ. ಗಲ್ಲಾದ ಪಕ್ಕದಲ್ಲಿ ಅವನ ಹೆಂಡತಿ ಕೂತಿದ್ದಳು. ಬಟ್ಟೆಯ ಥಾನುಗಳ ಮೇಲೆ ಎರಡು ಹೆಣ್ಣುಮಕ್ಕಳು ಹತ್ತಿ ಜಾರುತ್ತಿದ್ದವು. ಚಿಕ್ಕದಕ್ಕೆ ಮುಂದಿನ ಹಲ್ಲು ಬಿದ್ದಿತ್ತು.

ಅಲ್ಲಿಂದ ನೇರ ಕಾಲುವೆಯ ಪಕ್ಕದ ಓಣಿಗೆ ನಡೆದೆ. ಜಗಲಿಯ ಮೇಲೆ ಮಂಚ ಇರಲಿಲ್ಲ. ಮೇಸ್ತ್ರಿಯವರ ಹೆಂಡತಿ ಹೊರಬಂದು, ಹೋಗಿ ಇಪ್ಪತ್ತು ದಿನವಾಯಿತು ಎಂದರು. ಯಾಕೆ ಬಂದಿದ್ದಿರಿ ಬಾಬು ಎಂದು ತೆಲುಗಿನಲ್ಲಿ ಕೇಳಿದರು. ಆ ತಾಯಿಗೆ ಏನೂ ಅರ್ಥವಾಗಲಾರದು ಎಂದು ಗೊತ್ತಿದ್ದೂ ಹೇಳಿದೆ: "ಇಬ್ಬರು. ಇಬ್ಬರೂ ಹೆಣ್ಣು. ಚೆನ್ನಾಗಿದ್ದಾರೆ."