ಟಿಟವಿಯ ನಡುಗಡ್ಡೆಯಲ್ಲಿ ನಮ್ಮ ನಗೆಕೂಟ

ಬಸ್ಸಿನಲ್ಲಿ ಬೆಕ್ಕಿಗೂ ಟಿಕೆಟ್ ತೆಗೆಯಬೇಕೆ?

ಕಳೆದ ತಿಂಗಳು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುವಾಗ ಎದುರಾದ ಪ್ರಶ್ನೆ ಇದು. ನನ್ನ ತೊಡೆಯ ಮೇಲಿನ ಚೀಲ ‘ಮಿಯಾಂವ್’ ಎಂದಿತು.

“ಕಾಕಾ, ನಿಮ್ಮ ಚೀಲ ಅಳಾಕತ್ತದಲ್ರಿ!” ಎಂದ ಕಂಡಕ್ಟರ್.

“ಡ್ಯೂಟಿ ಮ್ಯಾಲ ಹೊಂಟದಪ್ಪ,” ಎಂದೆ.

ಸುಳ್ಳಲ್ಲ. ನಮ್ಮೂರ ಹೊರಗಿನ ಕೆರೆಯಲ್ಲಿ ಒಂದು ಪುಟ್ಟ ನಡುಗಡ್ಡೆಯಿದೆ. ಹಿರಿಯರ ನಗೆಕೂಟ ಅಲ್ಲಿ ಬೆಳಗ್ಗೆ ಆರಕ್ಕೆ ಸರಿಯಾಗಿ ನಗುತ್ತಿತ್ತು. (ತಡವಾಗಿ ಬಂದವರು ನಗುವಂತಿಲ್ಲ. ನಿಯಮ ನನ್ನದು, ನಾನು ನಿವೃತ್ತ ಪಿ.ಟಿ. ಮಾಸ್ತರ.) ದಾಟಲು ಹಲಗೆ, ಕೂರಲು ಬೆಂಚು, ನಕ್ಕು ಹಸಿದವರಿಗೆ ಅವಲಕ್ಕಿ ಚುಡಾ. ಇನ್ನೇನು ಬೇಕು?

ಆಚೆ ತುದಿಯ ಕಲ್ಲುಗಳ ನಡುವೆ ಟಿಟವಿ ಹಕ್ಕಿ ಮೊಟ್ಟೆಯಿಟ್ಟಿತ್ತು. ಚುಡಾದ ವಾಸನೆಗೆ ಇಲಿಗಳು ಹಲಗೆ ದಾಟಿ ಬಂದವು. ಚುಡಾ ಮುಗಿಸಿ ಮೊಟ್ಟೆಗೆ ಬಾಯಿ ಹಾಕಿದವು. ಉಳಿದದ್ದು ಎರಡೇ. ಅವನ್ನು ಉಳಿಸಲೆಂದೇ ಹುಮನಾಬಾದಿನ ಭಾವನ ಕಿರಾಣಿ ಅಂಗಡಿಯಿಂದ ಸುಲ್ತಾನನೆಂಬ ಈ ಬೆಕ್ಕನ್ನು ತಂದೆ. ಇಲಿ ಸ್ಪೆಷಲಿಸ್ಟ್!

ಸುಲ್ತಾನ ಇಲಿಗಳತ್ತ ತಿರುಗಿಯೂ ನೋಡಲಿಲ್ಲ. ಹೊಟ್ಟೆ ನೆಲಕ್ಕೊತ್ತಿ ನೇರ ಗೂಡಿನತ್ತ ಹೊರಟ. ಹಕ್ಕಿ ಕಿರುಚುತ್ತ ಎರಗಿತು. ಬೆಕ್ಕಿಗಲ್ಲ, ನನ್ನ ಬೋಳುತಲೆಗೆ. ಮಂಡಿನೋವಿನ ಮಂದಿಯೆಲ್ಲ ಓಡಿ, ಶಾಲು ಎಸೆದು ಅವನನ್ನು ಹಿಡಿದೆವು.

ದೂರದ ಸಮುದ್ರದ್ವೀಪಗಳಲ್ಲೂ ಹೀಗೇ ಆಯಿತಂತೆ. ಹಡಗಿನಿಂದ ಇಲಿ ಇಳಿಯಿತು, ಇಲಿಗೆಂದು ಬೆಕ್ಕು ಬಿಟ್ಟರು, ಬೆಕ್ಕು ಹಕ್ಕಿಗಳನ್ನು ಮುಕ್ಕಿತು. ನಾವು ಹಡಗಿಲ್ಲದೆಯೇ ಅಷ್ಟೂ ಸಾಧಿಸಿದ್ದೆವು!

“ಈಗ ಬೆಕ್ಕಿಗಿ ಒಂದು ನಾಯಿ ತರಾನೇನ್ರಿ ಮಾಸ್ತರ್?” ಎಂದರು ತೊಗರಿ ವ್ಯಾಪಾರಿ ಶಿವರಾಜಪ್ಪ.

ನಿವೃತ್ತ ನರ್ಸ್ ಮಲ್ಲಮ್ಮ ಸಿಡುಕಿದರು. “ಇಲಿ ಕರದವರು ಯಾರ್ರಿ? ಮೊದಲ ಹಲಗಿ ತೆಗೀರಿ.”

“ಮತ್ತ ನಾವು ಎಲ್ಲಿ ನಗಬೇಕ್ರಿ ಅಕ್ಕಾ?” ಎಂದೆ.

“ದಂಡಿ ಮ್ಯಾಲ ನಿಂತರ ನಿಮಗ ನಗಿ ಬರಂಗಿಲ್ಲೇನು?”

ಸುಲ್ತಾನನನ್ನು ಭಾವನ ಅಂಗಡಿಗೇ ವಾಪಸ್ ಕಳಿಸಿದೆವು. ಬೋನಿಟ್ಟು ಇಲಿಗಳನ್ನು ಹಿಡಿದೆವು. ಬೆಂಚು ಹೊತ್ತು ತಂದೆವು, ಹಲಗೆ ಎಳೆದೆವು, ಚುಡಾ ಬಂದ್. (ಇಲಿಗೆ ಈಜು ಬರುತ್ತದೆ, ಗೊತ್ತು. ತಿನ್ನಲೇನೂ ಇಲ್ಲದ ಕಡೆ ಸುಮ್ಮನೆ ಯಾಕೆ ಈಜೀತು?) ಇಷ್ಟಾದ ಮೇಲೆ ಹಕ್ಕಿ ಮತ್ತೆ ಬಂದು ಮೊಟ್ಟೆಗಳ ಮೇಲೆ ಕೂತೀತೇ? ದಂಡೆಯಲ್ಲಿ ನಿಂತು ಕಾದೆವು. ಆ ಬೆಳಗ್ಗೆ ಆರು ಹೊಡೆದರೂ ಯಾರೂ ನಗಲಿಲ್ಲ.

ಕೂತಿತು.

ಇವತ್ತು ನೀರಂಚಿನಲ್ಲಿ ಎರಡು ಮರಿ ಓಡಾಡುತ್ತಿವೆ. ಇಲಿ ಹೊರಬಿತ್ತು, ಬೆಕ್ಕು ಹೊರಬಿತ್ತು, ಕೊನೆಗೆ ನಾವೂ ಹೊರಬಿದ್ದೆವು. ಮೊದಲು ನಾವೇ ಹೊರಟಿದ್ದರೆ, ಪಾಪ, ಸುಲ್ತಾನನಿಗೆ ಆ ಬಸ್ ಪ್ರಯಾಣವಾದರೂ ತಪ್ಪುತ್ತಿರಲಿಲ್ಲವೇ?