ಖಾಲಿ ಮಂಚದ ಬೆವರು

ಬೆಳಗಿನ ಐದು ಗಂಟೆ. ಉದ್ದನೆಯ ಕೋಣೆಯ ಆರು ಮಂಚಗಳಲ್ಲಿ ಮಲಗಿದ್ದ ಹೆಂಗಸರು ಎದ್ದು ಮುಖ ತೊಳೆಯಲು ಹೋಗಿದ್ದಾರೆ. ತಕ್ಕಡಿ ಅಕ್ಕ ಒಂದೊಂದೇ ಬೆಡ್‌ಶೀಟನ್ನು ನಾಲ್ಕು ಮೂಲೆಯಿಂದ ಒಳಮಡಚಿ, ಕೂಸನ್ನು ಎತ್ತುವ ಹಾಗೆ ಎತ್ತಿ, ತೂಕದ ಯಂತ್ರದ ಮೇಲಿಡುತ್ತಾರೆ. ಬಟ್ಟೆಯ ತೂಕ ಕಳೆದು ಇನ್ನೂರ ಹತ್ತು ಗ್ರಾಂ. ಮುಂದಿನದು ನೂರ ಎಂಬತ್ತು. ಆರೂ ಮುಗಿಸಿ ಮೂಲೆಯ ಪರದೆ ಸರಿಸುತ್ತಾರೆ. ಅಲ್ಲಿರುವುದು ಏಳನೇ ಮಂಚ. ಅದರಲ್ಲಿ ಯಾರೂ ಮಲಗುವುದಿಲ್ಲ, ಮಲಗಕೂಡದು. ಆದರೂ ಬೆಡ್‌ಶೀಟಿನ ನಡುವೆ ಒದ್ದೆಯಾಗಿದೆ. ಮೊಣಕಾಲು ಮಡಚಿ, ಎಡಮಗ್ಗುಲಾಗಿ ಮುದುಡಿಕೊಂಡ ಮೈಯೊಂದರ ಅಚ್ಚು ಅದು. ಅಕ್ಕ ಅಂಗೈ ಇಟ್ಟು ನೋಡುತ್ತಾರೆ. ಇನ್ನೂ ಬೆಚ್ಚಗಿದೆ.

ತೊಂಬತ್ತು ಗ್ರಾಂ. ಸತತ ಹನ್ನೆರಡನೇ ಬೆಳಗು ಹೀಗಾಗುತ್ತಿದೆ. ಅವರು ಪುಸ್ತಕದಲ್ಲಿ ದುಂಡಗೆ ಬರೆಯುತ್ತಾರೆ: ‘ಏಳು. ಖಾಲಿ. ತೊಂಬತ್ತು.’

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಇದ್ದಕ್ಕಿದ್ದಂತೆ ಕಾದು, ಬೆವರಿ, ನಿದ್ದೆಗೆಡಿಸುತ್ತದಲ್ಲ, ಅದಕ್ಕೆ ಹೊಸ ಔಷಧಿ ಹುಡುಕುವ ಕೋಣೆಯಿದು. ಬೆವರು ಇಳಿದರೆ ಔಷಧಿ ನಾಟಿದಂತೆ. ಖಾಲಿ ಮಂಚದ ಬಟ್ಟೆ ಬರೀ ಗಾಳಿಯ ತೇವ ಹೀರಬೇಕು, ಎರಡು ಗ್ರಾಂ, ಹೆಚ್ಚೆಂದರೆ ಮೂರು. ಅಷ್ಟನ್ನು ಉಳಿದ ಆರರಲ್ಲೂ ಕಳೆಯುತ್ತಾರೆ. ಹಾಗಾಗಿ ಏಳನೆಯದು ಕೆಟ್ಟರೆ ಆರೂ ಕೆಟ್ಟಂತೆ. ಸಂಶೋಧನೆಗೆ ಹಣ ಕೊಡುವ ಸಂಸ್ಥೆಯ ಕಮಿಟಿ ಹತ್ತು ಗಂಟೆಗೆ ಬರಲಿದೆ. ಅವರು ಬೇಡವೆಂದರೆ ಈ ತಿಂಗಳೇ ಕೋಣೆಗೆ ಬೀಗ. ‘ಹೆಂಗಸರ ಬೆವರಿಗೂ ದುಡ್ಡು ಸುರೀಬೇಕಾ’ ಎಂದು ಕಳೆದ ಸಲ ನಕ್ಕ ಹಿರಿಯರೊಬ್ಬರು ಆ ಕಮಿಟಿಯಲ್ಲಿದ್ದಾರೆ. ಅವರ ಮನೆಯಲ್ಲಿ ಹೆಂಗಸರು ಬೆವರುವುದೇ ಇಲ್ಲವೋ ಏನೋ!

ತಕ್ಕಡಿ ಅಕ್ಕನಿಗೆ ಐವತ್ತೆರಡು. ಇಪ್ಪತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದ ಕೈ. ಎತ್ತಿದ ಕೂಡಲೇ ತೂಕ ಹೇಳಬಲ್ಲರು, ಯಂತ್ರ ಆಮೇಲೆ ಹೌದೆನ್ನುತ್ತದೆ. ಈ ಕೆಲಸಕ್ಕೆ ಅವರು ಬಂದದ್ದು ಸಂಬಳಕ್ಕಷ್ಟೇ ಅಲ್ಲ. “ನಮ್ಮಮ್ಮ ಈ ವಯಸ್ಸಲ್ಲಿ ಹೊತ್ತಲ್ಲದ ಹೊತ್ತಲ್ಲಿ ಎದ್ದು ತಣ್ಣನೆ ಗೋಡೆಗೆ ಕೆನ್ನೆ ಒತ್ತಿ ನಿಂತಿರ್ತಿದ್ಲು. ಕರೆದ್ರೆ ಓಗೊಡ್ತಿರಲಿಲ್ಲ. ಗಾಳಿ ಸೋಕಿದೆ ಅಂದ್ರು ಎಲ್ರೂ. ಬೆಳಿಗ್ಗೆ ಕೇಳಿದ್ರೆ, ನಾನೆಲ್ಲಿ ಎದ್ದಿದ್ದೆ ಅಂತ ನಮ್ಮನ್ನೇ ಕೇಳ್ತಿದ್ಲು.”

ಎಂಟು ಗಂಟೆಗೆ ಡಾಕ್ಟರಮ್ಮ ಪುಸ್ತಕ ನೋಡಿ ಬೆವರುತ್ತಾರೆ. “ಅಕ್ಕಾ, ಏಳನೇದ್ದು ಎಲ್ಲಾ ಕಡೆ ಎರಡು ಅಂತ ಮಾಡಿಬಿಡಿ. ಇಲ್ಲಾಂದ್ರೆ ತಕ್ಕಡಿನೇ ಕೆಟ್ಟಿದೆ ಅಂತಾರೆ. ಮೂರು ವರ್ಷದ ಕೆಲಸ ನೀರಲ್ಲಿ ಹೋಮ ಆಗತ್ತೆ.”

“ತಕ್ಕಡಿ ಕೆಟ್ಟಿಲ್ಲಮ್ಮ. ತೂಗಿದ್ದನ್ನ ಬರ್ದಿದೀನಿ. ಅಳಿಸಲ್ಲ.”

ಅಕ್ಕ ಹೊರಬಂದು ರಾತ್ರಿ ಪಾಳಿಯ ನರ್ಸಮ್ಮನನ್ನು ಕೇಳುತ್ತಾರೆ, “ನಾನು ಮೊದಲನೇ ಬಸ್ಸಿಗೆ ನಾಲ್ಕಕ್ಕೆಲ್ಲಾ ಬಂದು ಬಾಗಿಲ ಹತ್ರ ಸ್ಟೂಲಲ್ಲೇ ಕೂತಿರ್ತೀನಿ. ಯಾರಾದ್ರೂ ಒಳಗೆ ಹೋಗಿದ್ದು ನೋಡಿದೀಯೇನೇ?”

ನರ್ಸಮ್ಮ ಅವರ ಮುಖವನ್ನೇ ನೋಡುತ್ತಾಳೆ. “ನಾಲ್ಕೂವರೆಗೆ ನಾನು ದಿನಾ ಹಾದು ಹೋಗ್ತೀನಲ್ಲಕ್ಕಾ. ಸ್ಟೂಲ್ ಮೇಲೆ ನಿಮ್ಮ ಚೀಲ ಒಂದೇ ಇರತ್ತೆ. ಬಟ್ಟೆ ಒಗೆಯೋ ಕಡೆ ಹೋಗಿದೀರಿ ಅಂದ್ಕೊಂಡಿದ್ದೆ.”

ಐದರ ಗಂಟೆ ಹೊಡೆದಾಗ ತಾವು ಸ್ಟೂಲಿನ ಪಕ್ಕದಲ್ಲಿ ನಿಂತಿರುವುದು ಅಕ್ಕನಿಗೆ ನೆನಪಿದೆ. ಬೆನ್ನು ಒದ್ದೆಯಾಗಿರುವುದೂ ನೆನಪಿದೆ. ಕೂತದ್ದಕ್ಕೂ ನಿಂತದ್ದಕ್ಕೂ ನಡುವೆ ಏನೂ ಇಲ್ಲ. ಒಗೆಯಲು ಹಾಕಿದ ಏಳನೇ ಬೆಡ್‌ಶೀಟನ್ನು ಹೆಕ್ಕಿ ಕೊಡವುತ್ತಾರೆ. ಟಕ್ ಎಂದು ಕೂದಲಿನ ಕ್ಲಿಪ್ಪೊಂದು ನೆಲಕ್ಕೆ ಬೀಳುತ್ತದೆ, ಒಂದು ಹಲ್ಲು ಮುರಿದದ್ದು. ಬೆಳಗಿನಿಂದ ಅವರು ಚೀಲದಲ್ಲಿ ಹುಡುಕುತ್ತಿದ್ದುದು ಅದನ್ನೇ.

ಹತ್ತು ಗಂಟೆಗೆ ಕಮಿಟಿಯವರ ಮುಂದೆ ಅಕ್ಕ ಆ ಕ್ಲಿಪ್ಪನ್ನು ಮೇಜಿನ ಮೇಲಿಡುತ್ತಾರೆ. “ಆ ಬೆವರು ನಂದು. ನಾನು ಅಲ್ಲಿ ಮಲಗಿದ್ದು ನನಗೇ ಗೊತ್ತಿರಲಿಲ್ಲ.”

ಹಿರಿಯರು ನಗುವುದಿಲ್ಲ. ಅವರ ಪಕ್ಕದಲ್ಲಿ ಕೂತ ನರೆಗೂದಲ ಹೆಂಗಸು ಮೆಲ್ಲಗೆ ಕೇಳುತ್ತಾರೆ, “ಎಷ್ಟು ದಿನದಿಂದ?”

“ಮಂಚದಲ್ಲಿ ಹನ್ನೆರಡು ದಿನ. ಮೈಯಲ್ಲಿ ಎರಡು ವರ್ಷ.”

“ಯಾರಿಗೂ ಹೇಳಲಿಲ್ವಾ?”

“ಕೇಳಿದವರು ಯಾರಮ್ಮಾ?”

ಹಣ ಇನ್ನೊಂದು ವರ್ಷಕ್ಕೆ ಸಿಕ್ಕಿದೆ. ತನಗೆ ಕೇಡಾದರೂ ಸರಿ, ತೂಗಿದ್ದನ್ನು ಮುಚ್ಚಿಡದವರ ತಕ್ಕಡಿಯನ್ನು ನಂಬಬಹುದು ಎಂದರಂತೆ ಆ ಹೆಂಗಸು. ಹನ್ನೆರಡು ದಿನದ ಅಂಕಿಗಳನ್ನು ಕಾರಣ ಬರೆದು ಲೆಕ್ಕದಿಂದ ಕೈಬಿಟ್ಟಿದ್ದಾರೆ. ಅಲ್ಲಿ ಕೆಲಸ ಮಾಡುವವರಿಗೆ ಔಷಧಿ ಕೊಡಲು ನಿಯಮ ಒಪ್ಪುವುದಿಲ್ಲ. ಡಾಕ್ಟರಮ್ಮ ಅಕ್ಕನನ್ನು ಬೇರೆ ಕಡೆ ತೋರಿಸಿಕೊಳ್ಳಲು ಕಳಿಸಿದ್ದಾರೆ. ಈಗ ನಾಲ್ಕರಿಂದ ಐದರವರೆಗೆ ನರ್ಸಮ್ಮ ಸ್ಟೂಲಿನ ಪಕ್ಕದಲ್ಲಿ ಕೂತು ಅವರನ್ನು ಹರಟೆಗೆಳೆಯುತ್ತಾಳೆ. ಏಳನೇ ಮಂಚ ಎರಡು ಗ್ರಾಮಿಗೆ ಮರಳಿದೆ. ಆದರೂ ಪರದೆ ಸರಿಸುವಾಗ ಅಕ್ಕ ಒಮ್ಮೆ ಕೆಮ್ಮುತ್ತಾರೆ, ಒಳಗೆ ಮಲಗಿದವರಿಗೆ ಎದ್ದು ಹೋಗಲು ಹೊತ್ತು ಕೊಟ್ಟಂತೆ.

ಅವರಿಗಿರುವುದು ಒಂದೇ ಆಸೆ.

“ತೂಕ ಎಲ್ಲಾ ಸರಿಯಾಗೇ ಬರ್ದಿದೀನಿ, ಒಂದು ಗ್ರಾಂ ಆಚೀಚೆ ಇಲ್ಲ. ಪಕ್ಕದಲ್ಲಿ ‘ಖಾಲಿ’ ಅಂತ ಬರ್ದಿದ್ದೆ ನೋಡಿ, ಅದೊಂದೇ ಸುಳ್ಳು. ಹನ್ನೆರಡು ಕಡೆ ಇದೆ. ಅದನ್ನ ನನ್ನ ಕೈಯಲ್ಲೇ ಹೊಡೆದುಹಾಕೋಕೆ ಬಿಟ್ರೆ ಸಾಕು.”