ಹಿತ್ತಿಲ ಕೊಳಗಳ ಕೆಸರೆತ್ತುವ ರೋಸ್ವಿಟಾ

ಮಾರ್ಚ್ ಮೊದಲ ವಾರ, ಬೆಳಗಿನ ಆರೂವರೆ. ಹೆರ್ನೆ ಪಟ್ಟಣದ ಗಣಿಕಾರ್ಮಿಕರ ಹಳೆಯ ಸಾಲುಮನೆಗಳ ಹಿಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎದೆಮಟ್ಟದ ರಬ್ಬರ್ ಉಡುಪು ತೊಟ್ಟ ಹೆಂಗಸೊಬ್ಬರು ಕೊಳದ ಅಂಚಿನಲ್ಲಿ ಮಂಡಿಯೂರಿ, ದಾರ ಕಟ್ಟಿದ ಥರ್ಮಾಮೀಟರನ್ನು ನೀರಿಗೆ ಇಳಿಬಿಟ್ಟು ಕಾಯುತ್ತಿದ್ದಾರೆ. ನಾಲ್ಕು ಡಿಗ್ರಿ. ನೀರು ಕಾಫಿ ಗಸಿಯಂತೆ ಕಪ್ಪಗಿದೆ. ಕೊಳೆತ ಮೊಟ್ಟೆಯ ನಾತ ಬೇಲಿಯಾಚೆಗೂ ಹಬ್ಬಿದೆ.

ಅವರು ರೋಸ್ವಿಟಾ ಪಿಯೋಂಟೆಕ್. ವಯಸ್ಸು ಐವತ್ತೊಂಬತ್ತು. ಚಳಿಗಾಲ ಕಳೆದ ಮೇಲೆ ಹಿತ್ತಿಲ ಮೀನುಕೊಳಗಳನ್ನು ಮತ್ತೆ ಬದುಕುವಂತೆ ಮಾಡುವುದು ಅವರ ಕೆಲಸ. ಉದ್ದ ಹಿಡಿಯ ಬಲೆಯನ್ನು ತಳಕ್ಕೆ ಇಳಿಸಿ ನಿಧಾನವಾಗಿ ಎಳೆಯುತ್ತಾರೆ. ಎಲೆಯ ಕೊಚ್ಚೆಯ ಜೊತೆ ಮೀನೊಂದು ಮೇಲೆ ಬರುತ್ತದೆ. ಕಣ್ಣು ಬೆಳ್ಳಗಾಗಿದೆ. ಅದನ್ನು ಹಳೆಯ ವೃತ್ತಪತ್ರಿಕೆಯ ಮೇಲೆ ಮಲಗಿಸುತ್ತಾರೆ. ಅಲ್ಲಿ ಆಗಲೇ ಆರು ಮಲಗಿವೆ.

"ಏನೇ ರೋಸೀ, ಶವ ಎತ್ತೋಕೆ ಬೆಳಗಾಗೋದನ್ನೂ ಕಾಯಲಿಲ್ವಲ್ಲೇ ನೀನು" ಎನ್ನುತ್ತ ಕೊಳದ ಒಡೆಯ ಗಿಸ್ಬರ್ಟ್ ಹೋಲ್ಟ್‌ಕಾಂಪ್ ಊರುಗೋಲಿನ ಮೇಲೆ ಬಾಗಿಲಿಗೆ ಬರುತ್ತಾರೆ. ಎಪ್ಪತ್ನಾಲ್ಕು ವರ್ಷದ ಅವರು ಗಣಿಯಲ್ಲಿ ಎಲೆಕ್ಟ್ರೀಷಿಯನ್ ಆಗಿದ್ದವರು.

"ನೀನು ಒಳಗೆ ಹೋಗಿ ಕೂತ್ಕೋ ಮಾರಾಯ. ಕಾಲು ಜಾರಿದ್ರೆ ನಿನ್ನನ್ನೂ ಇದೇ ಬಲೇಲಿ ಎತ್ತಬೇಕಾಗುತ್ತೆ."

ಗಣಿಯಲ್ಲಿ ಒಟ್ಟಿಗೆ ದುಡಿದವರ ನಡುವೆ ಬಹುವಚನವಿಲ್ಲ. ರೋಸ್ವಿಟಾ ಅದೇ ಗಣಿಯ ಸ್ನಾನದ ಮನೆಯಲ್ಲಿ ಇಪ್ಪತ್ತೆರಡು ವರ್ಷ ನೆಲ ತೊಳೆದವರು. ಪಾಳಿ ಮುಗಿಸಿ ಬಂದ ನೂರಾರು ಗಂಡಸರ ಮೈಯಿಂದಿಳಿದ ಕಲ್ಲಿದ್ದಲ ಕಪ್ಪನ್ನು ದಿನಕ್ಕೆ ಮೂರು ಸಲ ಮೋರಿಗೆ ದೂಡುತ್ತಿದ್ದರು. ಗಣಿ ಮುಚ್ಚಿದ ವರ್ಷ ಅವರಿಗೆ ನಲವತ್ತೆರಡು. "ಬೇರೆ ಏನು ಬರ್ತಿತ್ತು ನಂಗೆ? ಕೊಳೆ ತೆಗೆಯೋದು ಬರ್ತಿತ್ತು. ಇಲ್ಲಿ ಪ್ರತಿ ಎರಡನೇ ಮನೆ ಹಿಂದೆ ಕೊಳ. ಕತ್ತಲಲ್ಲಿ ದುಡಿದೋರಿಗೆ ಬಣ್ಣದ ಮೀನು ಬೇಕಾಗುತ್ತೆ" ಎನ್ನುತ್ತಾರೆ.

ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಮೂವತ್ತೆಂಟು ಮನೆ. ದಿನಕ್ಕೆ ಎರಡು ಕೊಳ, ಬಿಸಿಲಿದ್ದರೆ ಮೂರು. ಒಂದೊಂದರಿಂದ ಹತ್ತು ಹನ್ನೆರಡು ಬಕೆಟ್ ಕೆಸರು. ಎತ್ತಿದ ಕೆಸರನ್ನು ಒಂದು ದಿನ ದಡದಲ್ಲೇ ಬಿಡುತ್ತಾರೆ. ಅದರೊಳಗಿನ ಹುಳುಹುಪ್ಪಟೆಗಳು ತೆವಳಿ ನೀರಿಗೆ ವಾಪಸಾಗಲಿ ಎಂದು. ಆಮೇಲೆ ಅದು ಗುಲಾಬಿ ಗಿಡದ ಬುಡಕ್ಕೆ. ನೀರು ಬದಲಿಸುವುದು ಮೂರರಲ್ಲಿ ಒಂದು ಪಾಲು ಮಾತ್ರ, ಅದನ್ನೂ ಸಣ್ಣ ಧಾರೆಯಲ್ಲಿ. ಫಿಲ್ಟರಿನ ಸ್ಪಂಜನ್ನು ಕೊಳದ ನೀರಿನಲ್ಲೇ ಹಿಂಡುತ್ತಾರೆ, ನಲ್ಲಿಯ ಕೆಳಗೆ ಎಂದೂ ಹಿಡಿಯುವುದಿಲ್ಲ. ನೀರು ಹತ್ತು ಡಿಗ್ರಿ ಮುಟ್ಟುವ ತನಕ ಮೀನಿಗೆ ಒಂದು ಕಾಳೂ ಇಲ್ಲ. ಚಳಿಯಲ್ಲಿ ತಿಂದದ್ದು ಅದರ ಹೊಟ್ಟೆಯಲ್ಲೇ ಕೊಳೆಯುತ್ತದೆ. "ಜನ ಹಿಮ ಕರಗಿದ ತಕ್ಷಣ ಉಳೀತಪ್ಪಾ ಅಂತ ನಿಟ್ಟುಸಿರು ಬಿಡ್ತಾರೆ. ಆದ್ರೆ ಮೀನು ಜಾಸ್ತಿ ಸಾಯೋದೇ ಆಮೇಲೆ. ಐದು ತಿಂಗಳು ಉಪವಾಸ ಇದ್ದ ಮೈ. ರೋಗ ಮೊದ್ಲು ಎದ್ದೇಳುತ್ತೆ, ಮೀನು ಆಮೇಲೆ."

ಕಳೆದ ಅಕ್ಟೋಬರಿನಲ್ಲಿ ಗಿಸ್ಬರ್ಟ್ ಏಣಿಯಿಂದ ಬಿದ್ದು ತೊಡೆಯೆಲುಬು ಮುರಿದುಕೊಂಡರು. ಆಸ್ಪತ್ರೆ, ಆಮೇಲೆ ಮತ್ತೆ ನಡೆಯಲು ಕಲಿಸುವ ಶುಶ್ರೂಷಾ ಕೇಂದ್ರ. ಎಲೆ ಉದುರುವ ಮುನ್ನ ಕೊಳಕ್ಕೆ ಹೊದಿಸಬೇಕಾದ ಬಲೆ ಶೆಡ್ಡಿನಲ್ಲೇ ಉಳಿಯಿತು. ಪಕ್ಕದ ಬರ್ಚ್ ಮರದ ಎಲೆಯೆಲ್ಲ ನೀರಿಗೆ ಬಿತ್ತು. ಜನವರಿಯಲ್ಲಿ ಅದರ ಮೇಲೆ ಮಂಜುಗಡ್ಡೆ ಮುಚ್ಚಿಕೊಂಡಿತು, ಎಲೆ ಕೊಳೆತು ಎದ್ದ ವಿಷಗಾಳಿ ಹೊರಬರಲು ದಾರಿಯಿಲ್ಲದಂತೆ.

ಎಂಟು ಗಂಟೆಗೆ ಎಣಿಕೆ ಮುಗಿಯುತ್ತದೆ. ಹದಿನೇಳರಲ್ಲಿ ಹದಿನಾಲ್ಕು ಸತ್ತಿವೆ. ಉಳಿದ ಮೂರರಲ್ಲಿ ಒಂದು, ಗಿಸ್ಬರ್ಟ್ ಕೊನೆಯ ಪಾಳಿ ಮುಗಿಸಿದ ವಾರ ತಂದು ಬಿಟ್ಟ, ಬಿಳಿ ಮೈಯ ಮೇಲೆ ಕೆಂಪು ಮಚ್ಚೆಯ ದೊಡ್ಡ ಮೀನು. ಅದು ಪಕ್ಕಕ್ಕೆ ವಾಲಿಕೊಂಡು ಕಿವಿರು ಆಡಿಸುತ್ತಿದೆ. ರೋಸ್ವಿಟಾ ಅದನ್ನೂ ಜೊತೆಯ ಎರಡನ್ನೂ ಕೊಳದ ನೀರು ಸೋಸಿ ತುಂಬಿದ ದೊಡ್ಡ ತೊಟ್ಟಿಗೆ ಬಿಟ್ಟು, ಗಾಳಿ ಊದುವ ಸಣ್ಣ ಪಂಪು ಹಾಕಿ, ಮೇಲೆ ಹಲಗೆ ಮುಚ್ಚುತ್ತಾರೆ.

ಅಡುಗೆಮನೆಯಲ್ಲಿ ಗಿಸ್ಬರ್ಟರ ಹೆಂಡತಿ ಲಿಸ್‌ಬೆಟ್ ಕಾಫಿ ಸುರಿಯುತ್ತಾರೆ. ಬ್ರೆಡ್ಡು, ಬೆಣ್ಣೆ, ಹಂದಿಮಾಂಸದ ಸಾಸೇಜು ಮೇಜಿನ ಮೇಲಿವೆ, ಯಾರೂ ಮುಟ್ಟುತ್ತಿಲ್ಲ.

"ನಾನೇ ಕೊಂದೆ. ಏಣಿ ಹತ್ತೋಕೆ ಮುಂಚೆ ಬಲೆ ಹಾಕಿದ್ರೆ ಮುಗೀತಿತ್ತು. ನಿನ್ನ ಕೈಲಿದ್ದಿದ್ರೆ ಒಂದೂ ಸಾಯ್ತಿರಲಿಲ್ಲ" ಎನ್ನುತ್ತಾರೆ ಗಿಸ್ಬರ್ಟ್.

ರೋಸ್ವಿಟಾ ಕೆಂಪಗೆ ಬಿರಿದ ಕೈಗಳನ್ನು ಲೋಟದ ಸುತ್ತ ಹಿಡಿಯುತ್ತಾರೆ.

"ನನ್ನ ಕೈಲಿ ಹತ್ತೊಂಬತ್ತು ಸತ್ತಿವೆ, ಗಿಸ್ಬರ್ಟ್. ಮೊದಲನೇ ವರ್ಷ. ಒಬ್ರ ಕೊಳಾನ ಸ್ನಾನದ ಮನೆ ತೊಳೆದ ಹಾಗೇ ತೊಳೆದೆ. ನೀರೆಲ್ಲ ಬಸಿದೆ, ಗೋಡೆಯ ಪಾಚಿ ಬ್ರಷ್ ಹಾಕಿ ಉಜ್ಜಿದೆ, ನಲ್ಲಿ ನೀರು ತುಂಬಿಸಿ ಮೀನು ಬಿಟ್ಟೆ. ಕನ್ನಡಿ ಹಾಗಿತ್ತು. ಆ ಮನೆಯಾಕೆ ನನ್ನ ತಬ್ಕೊಂಡ್ಳು. ಮೂರನೇ ದಿನ ಫೋನ್ ಮಾಡಿದ್ಳು, ಮಾತಾಡಲಿಲ್ಲ, ಬರೀ ಅತ್ತಳು. ಆ ಲೋಳೆ ಇದ್ರೇನೇ ನೀರು ನೀರಾಗಿರೋದು ಅಂತ ನಂಗೆ ಯಾರು ಹೇಳಿದ್ರು? ಇವತ್ತಿಗೂ ಆ ಬೀದೀಲಿ ನಾನು ಹೋಗಲ್ಲ."

ಕಾಫಿ ಪಾತ್ರೆ ಹಿಡಿದು ನಿಂತಿದ್ದ ಲಿಸ್‌ಬೆಟ್ ಅದನ್ನು ಕೆಳಗಿಡುತ್ತಾರೆ.

"ಕೊಡಲೀಲಿ ಒಡೆದೆ" ಎನ್ನುತ್ತಾರೆ ಗಂಡನತ್ತ ನೋಡಿ. "ಜನವರೀಲಿ. ಗಡ್ಡೆ ಕಟ್ಟಿದ್ರೆ ತೂತು ಮಾಡ್ಬೇಕು ಅಂತ ನೀನು ಯಾವಾಗ್ಲೂ ಹೇಳ್ತಿದ್ಯಲ್ಲ, ಹೇಗೆ ಅಂತ ಕೇಳಿರಲಿಲ್ಲ ನಾನು. ಅರ್ಧ ಗಂಟೆ ಹೊಡೆದೆ. ಅವು ಕೆಳಗೆ ಹುಚ್ಚು ಹಿಡಿದ ಹಾಗೆ ಓಡಾಡಿದ್ವು, ಆಮೇಲೆ ನಿಂತ್ವು. ಮಾರನೇ ದಿನ ಮತ್ತೆ ಮುಚ್ಕೊಂಡಿತ್ತು. ನಿನಗೆ ಹೇಳೋ ಧೈರ್ಯ ಬರಲಿಲ್ಲ." ರೋಸ್ವಿಟಾ ಕಡೆ ತಿರುಗುತ್ತಾರೆ. "ಅದ್ರಿಂದಲೇ ಸತ್ತಿದ್ದಾ?"

ಸಮಾಧಾನದ ಸುಳ್ಳು ರೋಸ್ವಿಟಾಗೆ ಬರುವುದಿಲ್ಲ. ಗಡ್ಡೆಗೆ ಬಿದ್ದ ಏಟು ನೀರಿನೊಳಗೆ ಸಿಡಿಮದ್ದಿನಂತೆ ಬಡಿಯುತ್ತದೆ; ಬಿಸಿನೀರಿನ ಪಾತ್ರೆಯಿಟ್ಟು ಕರಗಿಸಬೇಕಿತ್ತು. "ಗೊತ್ತಿಲ್ಲ ಲಿಸ್‌ಬೆಟ್. ಎಲೆ ಕೊಂದಿದೆ. ಏಟಿಗೆ ಹೆದರಿ ಇದ್ದ ಬಲವೂ ಹೋಗಿರಬಹುದು. ಎರಡೂ ಸೇರಿರಬಹುದು."

ಗಿಸ್ಬರ್ಟ್ ಕಿಟಕಿಯಾಚೆ ನೋಡುತ್ತಾರೆ. "ಆ ಕೊಡಲಿ ಮೊಂಡಾಗಿತ್ತಲ್ಲೇ" ಎನ್ನುತ್ತಾರೆ. "ಕೈ ನೋಯಲಿಲ್ವಾ ನಿಂಗೆ?"

"ಎರಡು ದಿನ ನೋಯ್ತು."

ರೋಸ್ವಿಟಾ ಎದ್ದು ಉಳಿದ ಕೆಸರಿಗೆ ಹೋಗುತ್ತಾರೆ.

ಅಲ್ಲಿಂದ ಮೂರು ವಾರ, ಬೇರೆ ಮನೆಗಳಿಗೆ ಹೋಗುವ ಮುನ್ನ ದಿನವೂ ಈ ಹಿತ್ತಿಲಿಗೆ ಬಂದು ತೊಟ್ಟಿಯ ನೀರು ಪರೀಕ್ಷಿಸುತ್ತಾರೆ. ಕೆಂಪು ಮಚ್ಚೆಯ ಮೀನು ಒಮ್ಮೆ ನೆಟ್ಟಗಾಗುತ್ತದೆ, ಮತ್ತೆ ವಾಲುತ್ತದೆ. ಮಾರ್ಚ್ ಇಪ್ಪತ್ತೆಂಟಕ್ಕೆ ಅದು ಸಾಯುತ್ತದೆ. ಉಳಿದೆರಡನ್ನು ಏಪ್ರಿಲ್ ಎರಡನೇ ವಾರ ಕೊಳಕ್ಕೆ ಬಿಡುವಾಗ ಗಂಡ ಹೆಂಡತಿ ಇಬ್ಬರೂ ದಡದಲ್ಲಿರುತ್ತಾರೆ. ಅವು ನೇರ ತಳಕ್ಕಿಳಿದು ಕಾಣದಾಗುತ್ತವೆ. ಕೊಳಕ್ಕೆ ಮಣ್ಣು ತುಂಬಿಸುವ ಮಾತಾಡುತ್ತಿದ್ದ ಗಿಸ್ಬರ್ಟ್ ಆ ದಿನ ಅದನ್ನೆತ್ತುವುದಿಲ್ಲ. ಹೊಸ ಮೀನು ತರುವ ಮಾತನ್ನೂ ಎತ್ತುವುದಿಲ್ಲ.

ರೋಸ್ವಿಟಾರ ಬೆರಳ ಗಂಟುಗಳು ಈಗ ಬೆಳಗ್ಗೆ ಮಡಚುವುದಿಲ್ಲ. ತಣ್ಣೀರು ಬಿಡಿ ಎಂದು ವೈದ್ಯರು ಎರಡು ವರ್ಷದಿಂದ ಹೇಳುತ್ತಿದ್ದಾರೆ. ಅವರು ಇರುವುದು ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ. ಬಾಲ್ಕನಿಯಲ್ಲಿ ಒಂದು ನೀರಿನ ತೊಟ್ಟಿಗೂ ಜಾಗವಿಲ್ಲ. ನಿಮಗೂ ಒಂದು ಕೊಳ ಬೇಕೆನಿಸುವುದಿಲ್ಲವೇ ಎಂದರೆ ತಲೆಯಾಡಿಸುತ್ತಾರೆ.

"ಬೇಡಪ್ಪ. ಆದ್ರೆ ಒಂದಾಸೆ ಇದೆ. ಹದಿನೇಳು ವರ್ಷದಿಂದ ಎಲ್ರೂ ನನ್ನ ಮಾರ್ಚಲ್ಲೇ ಕರೀತಾರೆ, ಎಲ್ಲಾ ಕೊಳೆತು ನಾರ್ತಿರೋವಾಗ. ಯಾರಾದ್ರೂ ಒಬ್ರು ಜೂನಲ್ಲಿ ಕರೀಲಿ. ತಾವರೆ ಬಿಟ್ಟಿರುತ್ತಂತಲ್ಲ, ಮೀನು ಮೇಲೆ ಬಂದು ಕೈಯಿಂದಲೇ ತಿನ್ತವಂತಲ್ಲ. ಒಂದು ಕುರ್ಚಿ ಹಾಕಿ ಕೂರಿಸ್ಲಿ ಸಾಕು. ನಾನು ಉಳಿಸಿದ್ದು ಹೇಗಿರ್ತವೆ ಅಂತ ಬಿಸಿಲಲ್ಲಿ ಒಂದ್ಸಲ ನೋಡ್ಬೇಕು."